ಬೋಟಿ: ಒಂದು ಮಾತಿನ ವಿಚಾರ

(ಸಂಘದ ಉಚಿತ ವಾಚನಾಲಯದ ತಿಂಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಪಾಠ)



ತಿಂಗಳಿಗೊಂದು ಕನ್ನಡ ಮಾತನ್ನು ಹಿಡಿದು ಅದರ ಅರ್ಥವೇನು, ಬಳಕೆಯೇನು, ಅದು ನಡೆದು ಬಂದ ದಾರಿ ಯಾವುದು ಎಂದು ವಿಚಾರಿಸುವುದು ಈ ಗೋಷ್ಠಿಯ ಪದ್ಧತಿ. ಈ ತಿಂಗಳು ನಾವು ಎತ್ತಿಕೊಂಡಿರುವ ಮಾತು ‘ಬೋಟಿ’. ಫಲಕದ ಮೇಲೆ ಈ ಶೀರ್ಷಿಕೆಯನ್ನು ಬರೆದಾಗ ಕೆಲವರು ಮುಗುಳ್ನಕ್ಕರು, ಕೆಲವರು ಹುಬ್ಬು ಗಂಟಿಕ್ಕಿದರು. ಸರಸ್ವತಿಯ ಸನ್ನಿಧಿಯಲ್ಲಿ ಇಂಥ ಮಾತೇ ಎಂದು ಕೇಳಿದವರೂ ಉಂಟು. ಅವರಿಗೆ ನಮ್ಮ ಅರಿಕೆ ಇಷ್ಟೆ: ನಾವು ಇಲ್ಲಿ ಯಾರಿಗೂ ಮಾಂಸ ತಿನ್ನಿರೆಂದು ಹೇಳಲು ಬಂದಿಲ್ಲ, ಬಿಡಿರೆಂದು ಹೇಳಲೂ ಬಂದಿಲ್ಲ. ಮಾತಿಗೆ ಮಡಿ ಮೈಲಿಗೆ ಇಲ್ಲ. ಲಕ್ಷಾಂತರ ಕನ್ನಡದ ಮನೆಗಳಲ್ಲಿ ಆಡುವ ಮಾತು ಒಂದಿದ್ದರೆ ಅದರ ಅರ್ಥವನ್ನು ವಿಚಾರಿಸುವುದು ವಾಚನಾಲಯದ ಕೆಲಸವೇ ಸರಿ.

ಅದೂ ಅಲ್ಲದೆ, ನಾಡಿನಿಂದ ಹೊರಗೆ ಮುಂಬಯಿಯಲ್ಲಿ ನೆಲೆಸಿರುವ ನಮ್ಮಂಥವರಿಗೆ ಈ ಮಾತು ದಿನಬಳಕೆಯಲ್ಲಿಯೇ ತೊಡಕು ಕೊಡುತ್ತದೆ. ಮಂಡ್ಯದ ಕಡೆಯಿಂದ ಹೊಸದಾಗಿ ಬಂದ ಹೆಣ್ಣುಮಗಳೊಬ್ಬಳು ಇಲ್ಲಿಯ ಮಾಂಸದ ಅಂಗಡಿಗೆ ಹೋಗಿ ‘ಒಂದು ಕಿಲೋ ಬೋಟಿ ಕೊಡಿ’ ಎಂದು ಕೇಳುತ್ತಾಳೆನ್ನಿ. ಅಂಗಡಿಯವನು ಸಂತೋಷದಿಂದ ತಲೆದೂಗಿ ಒಳ್ಳೆಯ ಮೆದು ಮಾಂಸವನ್ನು ತುಂಡು ತುಂಡಾಗಿ ಕತ್ತರಿಸಿ ಪೊಟ್ಟಣ ಕಟ್ಟುತ್ತಾನೆ, ದುಬಾರಿ ಬೆಲೆಯನ್ನೂ ಹೇಳುತ್ತಾನೆ. ಅವಳು ಕೇಳಿದ್ದು ಕರುಳು ಮತ್ತು ಜಠರ; ಅವನು ಕೊಟ್ಟದ್ದು ತೊಡೆಯ ಮಾಂಸ. ಅವಳ ಮಾತೂ ತಪ್ಪಲ್ಲ, ಅವನ ಮಾತೂ ತಪ್ಪಲ್ಲ. ಒಂದೇ ಶಬ್ದ ಎರಡು ಭಾಷೆಗಳಲ್ಲಿ ಎರಡು ವಸ್ತುಗಳಿಗೆ ಹೆಸರಾಗಿದೆ, ಅಷ್ಟೆ.

ಮೊದಲು ಈ ಎರಡು ಅರ್ಥಗಳನ್ನು ಬಿಡಿಸಿಕೊಳ್ಳೋಣ.

ಹಿಂದಿ, ಉರ್ದು, ಮರಾಠಿಗಳಲ್ಲಿ ಬೋಟಿ ಎಂದರೆ ಮಾಂಸದ ತುಂಡು. ‘ಛೋಟೀ ಬೋಟಿ’ ಎಂದರೆ ಸಣ್ಣ ಸಣ್ಣ ತುಂಡು. ‘ಬೋಟಿ ಕಬಾಬ್’ ಎಂದರೆ ಕರುಳಿನ ಕಬಾಬಲ್ಲ, ಮೆದು ಮಾಂಸದ ತುಂಡುಗಳನ್ನು ಮಸಾಲೆಯಲ್ಲಿ ನೆನೆಸಿ ಕೆಂಡದ ಮೇಲೆ ಸುಟ್ಟದ್ದು. ಹಿಂದಿಯ ನುಡಿಗಟ್ಟುಗಳೂ ಈ ಅರ್ಥದ ಮೇಲೆಯೇ ನಿಂತಿವೆ. ‘ಬೋಟಿ ಬೋಟಿ ಕಾಟ್‌ನಾ’ ಎಂದರೆ ತುಂಡು ತುಂಡಾಗಿ ಕಡಿಯುವುದು. ಒಂದು ಕಡೆ ಕೂಡದ ಚುರುಕು ಹುಡುಗನನ್ನು ಕಂಡು ‘ಇವನ ಬೋಟಿ ಬೋಟಿ ಫಡಕುತ್ತದೆ’ ಎನ್ನುತ್ತಾರೆ. ಎಂದರೆ ಅವನ ಮೈಯ ಒಂದೊಂದು ತುಣುಕೂ ಮಿಡಿಯುತ್ತಿದೆ ಎಂದರ್ಥ.

ನಮ್ಮಲ್ಲಿ, ಅದರಲ್ಲೂ ಹಳೆಯ ಮೈಸೂರು ಸೀಮೆಯಲ್ಲಿ, ಬೋಟಿ ಎಂದರೆ ಕುರಿ ಮೇಕೆಗಳ ಹೊಟ್ಟೆಯೊಳಗಿನ ಜಠರ ಮತ್ತು ಕರುಳು, ಎರಡೂ ಸೇರಿ. ತೆಲುಗಿನಲ್ಲಿಯೂ ಇದೇ ಅರ್ಥ. ತಮಿಳಿನಲ್ಲಿ ‘ಕುಡಲ್’ ಎಂಬ ಮಾತು ಹೆಚ್ಚು ಬಳಕೆಯಲ್ಲಿದ್ದರೂ ಮದರಾಸಿನ ಅಂಗಡಿಗಳಲ್ಲಿ ಬೋಟಿ ಎಂದರೂ ತಿಳಿಯುತ್ತಾರೆ. ಮಲಯಾಳದಲ್ಲಿಯೂ ಈ ಮಾತು ಒತ್ತಕ್ಷರ ಸೇರಿಸಿಕೊಂಡು ‘ಬೋಟ್ಟಿ’ ಎಂದು ಇದೇ ಅರ್ಥದಲ್ಲಿ ನಡೆಯುತ್ತದೆ. ಹೀಗಾಗಿ ಈ ಮಾತು ದೇಶದ ನಕ್ಷೆಯ ಮೇಲೆ ಒಂದು ಗೆರೆ ಎಳೆದಂತಿದೆ: ಗೆರೆಯ ದಕ್ಷಿಣಕ್ಕೆ ಕರುಳು, ಉತ್ತರಕ್ಕೆ ತುಂಡು. ಹೈದರಾಬಾದಿನಲ್ಲಂತೂ ಈ ಗೆರೆ ಊರಿನ ನಡುವೆಯೇ ಹಾದುಹೋಗುತ್ತದೆ. ಅಲ್ಲಿ ತೆಲುಗಿನವರ ಬೋಟಿ ಕೂರ ಬೇರೆ, ಉರ್ದುವಿನವರ ಬೋಟಿ ಬೇರೆ. ಉರ್ದುವಿನವರು ಜಠರಕ್ಕೆ ‘ಓಝಡಿ’ ಎನ್ನುತ್ತಾರೆ. ಇಂಥ ಒಳಭಾಗಗಳನ್ನು ಹಾಕಿ ಖಾರವಾಗಿ ಮಾಡುವ ಸಾರಿಗೆ ಅಲ್ಲಿ ‘ಚಾಕ್ನಾ’ ಎಂದು ಹೆಸರು.

ಹಾಗಾದರೆ ಮುಂಬಯಿ ಪುಣೆಗಳಲ್ಲಿ ನಮಗೆ ಬೇಕಾದ್ದನ್ನು ಏನೆಂದು ಕೇಳಬೇಕು? ಮರಾಠಿಯಲ್ಲಿ ಜಠರಕ್ಕೆ ‘ವಜಡಿ’ ಎನ್ನುತ್ತಾರೆ. ಓಝಡಿ, ವಜಡಿ ಎರಡನ್ನೂ ಒಟ್ಟಿಗೆ ಉಚ್ಚರಿಸಿ ನೋಡಿದರೆ ಅವುಗಳ ನಂಟು ಕಿವಿಗೇ ಗೊತ್ತಾಗುತ್ತದೆ. ಆದರೆ ಗಮನವಿರಲಿ: ವಜಡಿ ಎಂದರೆ ಮುಖ್ಯವಾಗಿ ಜಠರದ ಚೀಲ. ಕರುಳಿಗೆ ಮರಾಠಿಯಲ್ಲಿ ‘ಆತಡಿ’, ಹಿಂದಿಯಲ್ಲಿ ‘ಆಂತ್’. ನಮ್ಮ ಬೋಟಿಯಲ್ಲಿ ಇವೆರಡೂ ಅಡಕವಾಗಿರುವುದರಿಂದ ಅಲ್ಲಿ ಎರಡು ಮಾತುಗಳನ್ನು ಆಡಬೇಕಾಗುತ್ತದೆ.

ಇನ್ನು ಮೂರನೆಯ ಅರ್ಥವೊಂದುಂಟು. ಕನ್ನಡನಾಡಿನ ಶಾಲೆಗಳ ಎದುರಿನ ಪೆಟ್ಟಿಗೆ ಅಂಗಡಿಗಳಲ್ಲಿ ಹಳದಿ ಬಣ್ಣದ, ಕೊಳವೆಯಾಕಾರದ, ಎಣ್ಣೆಯಲ್ಲಿ ಕರಿದ ತಿಂಡಿಯೊಂದು ಸಿಗುತ್ತದೆ. ಮಕ್ಕಳು ಅದನ್ನು ಹತ್ತು ಬೆರಳಿಗೂ ತೊಡಿಸಿಕೊಂಡು ಒಂದೊಂದಾಗಿ ಕಚ್ಚಿ ತಿನ್ನುತ್ತಾರೆ. ಅದಕ್ಕೂ ಬೋಟಿ ಎಂದೇ ಹೆಸರು. ಕೊಳವೆಯ ಆಕಾರವನ್ನು ನೋಡಿದರೆ ಆ ಹೆಸರು ಒಪ್ಪುವಂಥದೇ. ಬೋಟಿ ಎಂಬ ಮಾತನ್ನು ಮನೆಯಲ್ಲಿ ಆಡಕೂಡದೆನ್ನುವ ಸಸ್ಯಾಹಾರಿಗಳ ಮಕ್ಕಳೂ ಶಾಲೆಯ ಬಾಗಿಲಲ್ಲಿ ಬೋಟಿ ತಿಂದೇ ಬೆಳೆದಿದ್ದಾರೆ.

ಈಗ ವಸ್ತುವಿನ ಕಡೆಗೆ ಬರೋಣ. ಕುರಿ, ಮೇಕೆ, ದನ, ಎಮ್ಮೆಗಳು ಮೆಲುಕು ಹಾಕುವ ಪ್ರಾಣಿಗಳು. ನಮ್ಮ ಲೇಖಕರು ‘ಹಳೆಯ ನೆನಪುಗಳನ್ನು ಮೆಲುಕು ಹಾಕುತ್ತಾ’ ಎಂದು ಬರೆಯದ ದೀಪಾವಳಿ ಸಂಚಿಕೆಯೇ ಇಲ್ಲ. ಆದರೆ ಮೆಲುಕು ಹಾಕುವ ಯಂತ್ರ ಎಲ್ಲಿದೆ, ಹೇಗಿದೆ ಎಂದು ಕೇಳಿದರೆ ಉತ್ತರ ಹೇಳಬಲ್ಲವನು ಅಂಗಡಿಯಲ್ಲಿ ಕತ್ತಿ ಹಿಡಿದು ಕೂತವನೇ.

ಈ ಪ್ರಾಣಿಗಳ ಜಠರ ಒಂದೇ ಚೀಲವಲ್ಲ, ನಾಲ್ಕು ಕೋಣೆಗಳ ಮನೆ. ಮೊದಲನೆಯದು ಎಲ್ಲಕ್ಕಿಂತ ದೊಡ್ಡದು, ಶಾಸ್ತ್ರದಲ್ಲಿ ರೂಮೆನ್ ಎನ್ನುತ್ತಾರೆ. ದೊಡ್ಡ ಹಸುವಿನಲ್ಲಿ ಇದು ೧೦೦ ಲೀಟರಿಗೂ ಮಿಕ್ಕಿ ಹಿಡಿಯುತ್ತದೆ. ಪ್ರಾಣಿ ಅವಸರದಲ್ಲಿ ನುಂಗಿದ ಮೇವು ಇಲ್ಲಿ ತಂಗುತ್ತದೆ. ಇಲ್ಲಿ ವಾಸವಾಗಿರುವ ಕೋಟಿ ಕೋಟಿ ಸೂಕ್ಷ್ಮಜೀವಿಗಳು ನಮ್ಮಿಂದ ಜೀರ್ಣವಾಗದ ಹುಲ್ಲಿನ ನಾರನ್ನು ಕೊಳೆಸಿ ಒಡೆಯುತ್ತವೆ. ಇದರ ಒಳಮೈ ತುಂಬ ಸಣ್ಣ ಸಣ್ಣ ನಾಲಿಗೆಗಳಂಥ ಕುಚ್ಚುಗಳು. ತೊಳೆದು ಹರಡಿದರೆ ಥೇಟು ಟರ್ಕಿ ಟವಲಿನಂತೆ ಕಾಣುತ್ತದೆ. ಎರಡನೆಯದು ರೆಟಿಕ್ಯುಲಂ, ಲ್ಯಾಟಿನ್ ಭಾಷೆಯಲ್ಲಿ ಸಣ್ಣ ಬಲೆ ಎಂದರ್ಥ. ಒಳಮೈ ಜೇನುಹುಟ್ಟಿನಂತೆ ಆರು ಮೂಲೆಯ ಕೋಣೆಗಳಿಂದ ಕೂಡಿರುತ್ತದೆ. ಮೂರನೆಯದು ಒಮೇಸಂ. ಇದರೊಳಗೆ ತೆಳ್ಳನೆಯ ಪೊರೆಗಳು ಒಂದರ ಮೇಲೊಂದು ಹಾಳೆ ಹಾಳೆಯಾಗಿ ಇರುವುದರಿಂದ ಇಂಗ್ಲಿಷರು ಇದನ್ನು ‘ಪುಸ್ತಕ’ವೆಂದೇ ಕರೆಯುತ್ತಾರೆ. ಆದ್ದರಿಂದ ವಾಚನಾಲಯದಲ್ಲಿ ಬೋಟಿಯ ಮಾತಿಗೆ ಅಷ್ಟು ಹಕ್ಕಾದರೂ ಉಂಟೆಂದು ನಾವು ವಾದಿಸಬಹುದು! ನಾಲ್ಕನೆಯದು ಅಬೊಮೇಸಂ. ನಮ್ಮ ನಿಮ್ಮ ಹೊಟ್ಟೆಯಂತೆ ಹುಳಿರಸ ಸುರಿಸಿ ಜೀರ್ಣ ಮಾಡುವ ನಿಜವಾದ ಜಠರ ಇದೇ. ಹಾಲು ಕುಡಿಯುವ ಎಳೆಗರುವಿನ ಈ ಕೋಣೆಯಲ್ಲಿ ಹಾಲನ್ನು ಗಟ್ಟಿಯಾಗಿಸುವ ಸತ್ವವೊಂದಿದೆ. ಯುರೋಪಿನ ಜನ ಹಿಂದಿನಿಂದಲೂ ಅದರಿಂದಲೇ ಚೀಸ್ ಮಾಡುತ್ತ ಬಂದರು.

ಪ್ರಾಣಿ ಮೇಯುವಾಗ ಮೇವು ಮೊದಲಿನ ಎರಡು ಕೋಣೆಗಳಿಗೆ ಹೋಗಿ, ನೆರಳಿನಲ್ಲಿ ಮಲಗಿದಾಗ ಉಂಡೆಯುಂಡೆಯಾಗಿ ಮರಳಿ ಬಾಯಿಗೆ ಬರುತ್ತದೆ. ಅದನ್ನು ನಿಧಾನವಾಗಿ ಅಗಿದು ಮತ್ತೆ ನುಂಗುತ್ತದೆ. ನುಣ್ಣಗಾದದ್ದು ಮಾತ್ರ ಮೂರನೆಯ, ನಾಲ್ಕನೆಯ ಕೋಣೆಗೆ ದಾಟುತ್ತದೆ. ಇದೇ ಮೆಲುಕು.

ಅಲ್ಲಿಂದ ಮುಂದೆ ಕರುಳು. ಕುರಿಯ ಕರುಳನ್ನೆಲ್ಲ ಬಿಡಿಸಿ ನೇರವಾಗಿ ಹಾಸಿದರೆ ಅದರ ಮೈಯುದ್ದದ ಸುಮಾರು ೨೫ ಪಟ್ಟು ಆಗುತ್ತದೆ. ಮಾಂಸ ತಿನ್ನುವ ನಾಯಿಯ ಕರುಳು ಮೈಯುದ್ದದ ಐದಾರು ಪಟ್ಟು ಮಾತ್ರ. ಹುಲ್ಲನ್ನು ಅರಗಿಸುವುದು ಎಷ್ಟು ಕಷ್ಟದ ಕೆಲಸವೆಂಬುದಕ್ಕೆ ಈ ಲೆಕ್ಕವೇ ಸಾಕ್ಷಿ. ಈ ಕರುಳು ತಿನ್ನುವುದಕ್ಕೆ ಮಾತ್ರ ಆಗಿಬಂದದ್ದಲ್ಲ. ಶಸ್ತ್ರವೈದ್ಯರು ಗಾಯ ಹೊಲಿಯುತ್ತಿದ್ದ ದಾರ ಕುರಿಯ ಕರುಳಿನಿಂದ ಬಂದದ್ದು. ಪಿಟೀಲಿನ ತಂತಿ, ಟೆನ್ನಿಸ್ ಬ್ಯಾಟಿನ ಬಲೆ ಅದರಿಂದಲೇ ಆದವು. ಅರಳೆ ಹಿಂಜುವ ಪಿಂಜಾರನ ಬಿಲ್ಲಿಗೆ ಬಿಗಿದ ಹುರಿಯೂ ಕರುಳಿನದೇ. ಹಿಂದಿಯಲ್ಲಿ ಅದಕ್ಕೆ ‘ತಾಂತ್’ ಎಂದು ಹೆಸರು. ನಮ್ಮ ಸವದತ್ತಿಯ ಎಲ್ಲಮ್ಮನ ಜೋಗತಿಯರು ನುಡಿಸುವ ಚೌಡಿಕೆಗೂ ಕರುಳಿನ ತಂತಿ ಬಿಗಿಯುವ ರೂಢಿ ಇದೆ. ದೇವಿಯ ಹಾಡಿಗೆ ಶ್ರುತಿ ಕೊಡುವ ವಸ್ತುವನ್ನು ಹೊಲಸೆಂದು ಹೇಗೆ ಹೇಳೋಣ?

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕರುಳು ಎಂಬ ಕನ್ನಡ ಮಾತು ಎಷ್ಟು ದೊಡ್ಡದು! ಹೆತ್ತ ಕರುಳು, ತಾಯಿಕರುಳು, ಕರುಳಿನ ಕುಡಿ, ಕರುಳು ಚುರುಕ್ಕೆನ್ನುವುದು, ಕರುಳು ಕಿತ್ತು ಬರುವುದು. ಕನ್ನಡದಲ್ಲಿ ಅಂತಃಕರಣಕ್ಕೆ ಹೃದಯಕ್ಕಿಂತ ಆಳವಾದ ಮನೆ ಕರುಳು. ಅದೇ ಅವಯವ ಅಂಗಡಿಯ ಹಲಗೆಯ ಮೇಲೆ ಬಂದೊಡನೆ ಅದಕ್ಕೆ ಹೆಸರು ಬದಲಾಗುತ್ತದೆ. ‘ಕುರಿಯ ಕರುಳಿನ ಗೊಜ್ಜು’ ಎಂದು ನಮ್ಮ ಮನೆಗಳಲ್ಲಿ ಯಾರೂ ಹೇಳುವುದಿಲ್ಲ. ‘ಬೋಟಿ ಗೊಜ್ಜು’ ಎನ್ನುತ್ತಾರೆ. ಕರುಳು ಎಂದರೆ ಉಣ್ಣುವ ಕೈ ತಡೆಯುತ್ತದೆ. ಬೋಟಿ ಎಂದರೆ ತಡೆಯುವುದಿಲ್ಲ. ಜೀವದಲ್ಲಿರುವಾಗ ಒಂದು ಹೆಸರು, ಅಡಿಗೆಮನೆಗೆ ಬಂದಾಗ ಇನ್ನೊಂದು. ಇದು ಕಪಟವಲ್ಲ. ಕೊಂದು ತಿನ್ನುವ ಮನುಷ್ಯ ಕೊಂದ ಜೀವದ ಮುಂದೆ ಇಟ್ಟುಕೊಂಡ ಸಂಕೋಚ, ಒಂದು ಬಗೆಯ ಮರ್ಯಾದೆ. ಆದ್ದರಿಂದ ಬೋಟಿಗೆ ಬದಲಾಗಿ ಕರುಳು ಎಂದು ಬರೆದರಾಯಿತಲ್ಲ ಎಂಬ ಸಲಹೆಯನ್ನು ನಾವು ಒಪ್ಪಲಾರೆವು. ಅವು ಎರಡು ಬೇರೆ ಮಾತುಗಳು. ಕನ್ನಡಕ್ಕೆ ಎರಡೂ ಬೇಕು.

ಹಿಂದಿಯ ಬೋಟಿಗೆ ಸರಿಸಾಟಿಯಾದ ಮಾತು ಕನ್ನಡದಲ್ಲಿ ಇಲ್ಲವೇ ಎಂದರೆ, ಉಂಟು. ಅದು ‘ಖಂಡ’. ಗೋವಿನ ಹಾಡನ್ನು ಕೇಳಿದ ಪ್ರತಿಯೊಬ್ಬ ಕನ್ನಡ ಮಗುವಿಗೂ ಗೊತ್ತು, ಪುಣ್ಯಕೋಟಿ ಹುಲಿಯ ಮುಂದೆ ನಿಂತು ಖಂಡವನ್ನೂ ಮಾಂಸವನ್ನೂ ಬೇರೆ ಬೇರೆಯಾಗಿ ಹೆಸರಿಸುತ್ತಾಳೆ. ಖಂಡವೆಂದರೆ ಮೂಳೆಯಿಲ್ಲದ ಗಟ್ಟಿ ಮಾಂಸದ ತುಂಡು. ಕಾಲಿನ ಹಿಂಭಾಗದ ಉಬ್ಬಿದ ಭಾಗಕ್ಕೆ ಮೀನಖಂಡ ಎನ್ನುವುದೂ ಅದರಿಂದಲೇ. ಆಕಾರ ಮೀನಿನದು, ವಸ್ತು ಖಂಡ.

ಈಗ ಹಿಂದಿನ ಗ್ರಂಥಗಳ ಕಡೆಗೆ ಸ್ವಲ್ಪ ತಿರುಗಿ ನೋಡೋಣ. ನಮ್ಮ ಪೂರ್ವಿಕರು ಪ್ರಾಣಿಯ ಅಂಗಾಂಗಗಳ ಹೆಸರು ಹೇಳಲು ನಾಚಿದವರೇ ಎಂದು ನೋಡಿದರೆ, ಖಂಡಿತ ಅಲ್ಲ. ಐತರೇಯ ಬ್ರಾಹ್ಮಣದ ಏಳನೆಯ ಪಂಚಿಕೆ ಆರಂಭವಾಗುವುದೇ ಯಜ್ಞಪಶುವಿನ ವಿಭಾಗದಿಂದ. ನಾಲಿಗೆ ಸಮೇತ ದವಡೆ ಯಾರಿಗೆ, ಕೊರಳು ಯಾರಿಗೆ ಎಂದು ೩೬ ಭಾಗಗಳನ್ನು ಅಲ್ಲಿ ಹೆಸರಿಸಿ ಹಂಚಿದೆ. ಹೊಟ್ಟೆಯೊಳಗಿನ ಕೊಬ್ಬಿನ ಪೊರೆಗೆ ‘ವಪೆ’ ಎಂಬ ಹೆಸರಿತ್ತು; ಆಹುತಿಯಲ್ಲಿ ಅದಕ್ಕೇ ಮೊದಲ ಸ್ಥಾನ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಸೂನಾಧ್ಯಕ್ಷ’ ಎಂಬ ಅಧಿಕಾರಿಗೇ ಒಂದು ಪ್ರಕರಣ ಮೀಸಲು. ಆಗತಾನೆ ಕೊಂದ ಪ್ರಾಣಿಯ ಮಾಂಸವನ್ನು ಮೂಳೆಯಿಲ್ಲದೆ ಮಾರಬೇಕು, ತಾನಾಗಿ ಸತ್ತ ಪ್ರಾಣಿಯ ಮಾಂಸವನ್ನೂ ನಾರುವ ಮಾಂಸವನ್ನೂ ಮಾರಕೂಡದು, ತೂಕದಲ್ಲಿ ಕಡಿಮೆ ಮಾಡಿದರೆ ಕಡಿಮೆಯಾದುದರ ೮ ಪಟ್ಟು ದಂಡ ಎಂಬ ನಿಯಮಗಳು ಅಲ್ಲಿವೆ. ಕಾಣದೆ ಹೋಗಿದ್ದ ಆ ಗ್ರಂಥವನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ ೧೯೦೯ರಲ್ಲಿ ಅಚ್ಚು ಹಾಕಿಸಿದವರು ನಮ್ಮ ಆರ್. ಶಾಮಶಾಸ್ತ್ರಿಗಳು. ವೈದಿಕ ಮನೆತನದ ಆ ಪಂಡಿತರು ಸೂನಾಧ್ಯಕ್ಷನ ಪ್ರಕರಣವನ್ನು ಬಿಟ್ಟು ಉಳಿದುದನ್ನು ಅಚ್ಚು ಹಾಕಿಸಲಿಲ್ಲ. ವಿದ್ವತ್ತಿನ ಮರ್ಯಾದೆ ಎಂದರೆ ಅದು.

೧೨ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ೩ನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವೆಂಬ ಗ್ರಂಥ ಬರೆಯಿಸಿದ. ಅದರ ಅನ್ನಭೋಗದ ಭಾಗದಲ್ಲಿ ಪ್ರಾಣಿಗಳ ಯಕೃತ್ತು, ಕರುಳುಗಳನ್ನು ಹದ ಮಾಡುವ ಕ್ರಮವನ್ನೂ ಹೇಳಿದೆ. ಕನ್ನಡನಾಡಿನ ಅರಮನೆಯ ಅಡಿಗೆ ಅದು. ಆದರೆ ಕನ್ನಡ ಭಾಷೆಯಲ್ಲಿ ಬಂದ ಪಾಕಗ್ರಂಥಗಳ ಕಥೆ ಬೇರೆ. ೧೬ನೆಯ ಶತಮಾನದ ಆರಂಭದ ಮಂಗರಸನ ‘ಸೂಪಶಾಸ್ತ್ರ’ ಜೈನಕವಿಯ ಕೃತಿ. ಅಲ್ಲಿ ಮಾಂಸದ ಮಾತೇ ಇಲ್ಲ. ಅದು ಆ ಕವಿಯ ಧರ್ಮಕ್ಕೆ ತಕ್ಕದ್ದೇ, ಅದರಲ್ಲಿ ಆಕ್ಷೇಪಿಸುವಂಥದೇನೂ ಇಲ್ಲ. ಆದರೆ ಅದರ ಫಲವನ್ನು ಗಮನಿಸಿ. ಹೋಳಿಗೆ, ಮಂಡಿಗೆಗಳ ಕನ್ನಡ ಓಲೆಗರಿಯ ಮೇಲೆ ಉಳಿಯಿತು. ಬೋಟಿಯ ಕನ್ನಡ ನಾಲಿಗೆಯ ಮೇಲೆ ಮಾತ್ರ ಉಳಿಯಿತು. ನಾಲಿಗೆಯ ಮೇಲಿನ ಮಾತು ಊರು ಬಿಟ್ಟರೆ ಒಂದೇ ತಲೆಮಾರಿನಲ್ಲಿ ಹೋಗಿಬಿಡುತ್ತದೆ.

ಬಳಸುವ ಕೈಯಿಂದ ಮಾತು ಬೇರೆಯಾದರೆ ಏನಾಗುತ್ತದೆ ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇವೆ. ಸಂಸ್ಕೃತದಲ್ಲಿ ‘ಪುರೀತತ್’ ಎಂಬ ಮಾತಿದೆ. ಅಮರಕೋಶದಲ್ಲಿ ಅದು ಅಂತ್ರಕ್ಕೆ, ಎಂದರೆ ಕರುಳಿಗೆ, ಪರ್ಯಾಯ. ಬೃಹದಾರಣ್ಯಕ ಉಪನಿಷತ್ತಿನಲ್ಲಿಯೂ ಆ ಮಾತು ಬರುತ್ತದೆ: ಹೃದಯದಿಂದ ೭೨,೦೦೦ ನಾಡಿಗಳು ಹೊರಟು ಪುರೀತತ್ತಿನ ಕಡೆಗೆ ಹರಡುತ್ತವೆ, ಗಾಢನಿದ್ರೆಯಲ್ಲಿ ಪುರುಷನು ಅಲ್ಲಿ ಮಲಗುತ್ತಾನೆ ಎಂದು. ಭಾಷ್ಯದಲ್ಲಿ ಶಂಕರರು ಅದನ್ನು ಹೃದಯವನ್ನು ಸುತ್ತುವರಿದ ಪೊರೆ ಎಂದು ತೆಗೆದುಕೊಂಡು, ಇಡೀ ಶರೀರಕ್ಕೆ ಅನ್ವಯಿಸಿದ್ದಾರೆ. ಕೋಶಕಾರನಿಗೆ ಕರುಳು, ಭಾಷ್ಯಕಾರರಿಗೆ ಹೃದಯದ ಹೊದಿಕೆ! ಪಶುವನ್ನು ಬಿಚ್ಚಿ ‘ಇಗೋ, ಪುರೀತತ್ ಎಂದರೆ ಇದು’ ಎಂದು ಬೆರಳಿಟ್ಟು ತೋರಿಸುವ ಕೈ ಇದ್ದಷ್ಟು ದಿನ ಆ ಮಾತಿಗೆ ಒಂದೇ ಅರ್ಥ ಸಾಕಾಗಿತ್ತು. ತೋರಿಸುವ ಕೈ ಹೋಯಿತು, ಮಾತು ಪುಸ್ತಕದಲ್ಲಿ ಉಳಿಯಿತು, ಅರ್ಥ ಎರಡಾಯಿತು. ನಾಳೆ ನಮ್ಮ ಮೊಮ್ಮಕ್ಕಳು ಕನ್ನಡದ ಒಂದು ಕಥೆಯಲ್ಲಿ ‘ಅವ್ವ ಬೋಟಿ ತೊಳೆಯುತ್ತಾ ಕೂತಿದ್ದಳು’ ಎಂಬ ವಾಕ್ಯವನ್ನು ಓದಿ, ಅವ್ವ ಮಾಂಸದ ತುಂಡು ತೊಳೆಯುತ್ತಿದ್ದಳೆಂದೋ, ಮಕ್ಕಳ ತಿಂಡಿಯನ್ನು ತೊಳೆಯುತ್ತಿದ್ದಳೆಂದೋ ತಿಳಿದರೆ, ಆ ಅವ್ವನ ಬಾಳು ಅವರಿಗೆ ತಿಳಿದಂತಾಯಿತೇ?

ಏಕೆಂದರೆ ಆ ತೊಳೆಯುವುದರಲ್ಲಿಯೇ ಆ ಬಾಳು ಇದೆ. ಬೋಟಿ ಶುದ್ಧ ಮಾಡುವುದು ಅರ್ಧ ದಿನದ ಕೆಲಸ. ಮೊದಲು ಒಳಗಿನ ಮೇವು, ಹಿಕ್ಕೆಗಳನ್ನು ತೆಗೆದು ಹರಿಯುವ ನೀರಿನಲ್ಲಿ ಜಾಲಿಸಬೇಕು. ಕರುಳನ್ನು ಕಡ್ಡಿಯ ಸಹಾಯದಿಂದ ಒಳಹೊರಗು ಮಾಡಿ ಉಜ್ಜಬೇಕು, ಇಲ್ಲವೆ ಉದ್ದಕ್ಕೆ ಸೀಳಿ ತೊಳೆಯಬೇಕು. ದೊಡ್ಡ ಚೀಲವನ್ನು ಬಿಸಿನೀರಿಗೆ ಅದ್ದಿ ಮೇಲಿನ ಕಪ್ಪು ಪೊರೆಯನ್ನು ಕೆರೆಯಬೇಕು. ಕೆಲವು ಕಡೆ ಸುಣ್ಣ ಸವರಿ ಕೆರೆಯುತ್ತಾರೆ. ನೀರಿನ ಬಿಸಿ ಹೆಚ್ಚಾದರೆ ಪೊರೆ ಬಿಗಿದು ಬಿಡುವುದೇ ಇಲ್ಲ, ಕಡಿಮೆಯಾದರೆ ಏಳುವುದಿಲ್ಲ. ಬಿಸಿಯ ಹದ ಕೈಗೇ ಗೊತ್ತಾಗಬೇಕು. ಆಮೇಲೆ ಉಪ್ಪು ಅರಿಸಿನ ಹಾಕಿ ಮತ್ತೆ ಮತ್ತೆ ತೊಳೆದು, ಚೆನ್ನಾಗಿ ಬೇಯಿಸಿ, ಸಣ್ಣಗೆ ಹೆಚ್ಚಿ, ಕಡಲೆಬೇಳೆಯೋ ಹಿತಕಿದ ಅವರೆಕಾಳೋ ಸೇರಿಸಿ, ತೆಂಗಿನಕಾಯಿ ಮಸಾಲೆ ಅರೆದು ಹಾಕಿದರೆ ಬೋಟಿ ಗೊಜ್ಜು. ಪಕ್ಕದಲ್ಲಿ ರಾಗಿಮುದ್ದೆ ಇರಬೇಕು. ಶುದ್ಧಿಯಲ್ಲಿ ಉದಾಸೀನ ಮಾಡಿದರೆ ರೋಗಕ್ಕೆ ದಾರಿ. ಆದ್ದರಿಂದಲೇ ಈ ಕೆಲಸವನ್ನು ಮನೆಯ ಹಿರಿಯ ಹೆಂಗಸರೇ ಮುಂದೆ ನಿಂತು ಮಾಡಿಸುತ್ತಿದ್ದರು. ಖಂಡ ಕೊಳ್ಳಲಾರದ ಮನೆಗೆ ಬೋಟಿ ದಕ್ಕುತ್ತಿತ್ತು. ಬೆಲೆಯಲ್ಲಿ ಉಳಿದದ್ದನ್ನು ಆ ತಾಯಂದಿರು ತಮ್ಮ ತೋಳಿನ ದುಡಿಮೆಯಿಂದ ತುಂಬಿಕೊಟ್ಟರು.

ಹಳೆಯ ಮೈಸೂರಿನ ಹಳ್ಳಿಗಳಲ್ಲಿ ‘ಗುಡ್ಡೆ ಬಾಡು’ ಎಂಬ ಪದ್ಧತಿ ಇದೆ. ಯುಗಾದಿಯ ಮಾರನೆಯ ದಿನ ಹೊಸತೊಡಕು. ಹಲವು ಮನೆಯವರು ಚೀಟಿ ಕಟ್ಟಿ ಹಣ ಕೂಡಿಸಿ, ಆಡು ಕುರಿಗಳನ್ನು ತಂದು ಕೊಯ್ದು, ಎಷ್ಟು ಮನೆಯೋ ಅಷ್ಟು ಗುಡ್ಡೆ ಮಾಡುತ್ತಾರೆ. ಒಂದೊಂದು ಗುಡ್ಡೆಗೂ ಸ್ವಲ್ಪ ಖಂಡ, ಸ್ವಲ್ಪ ಮೂಳೆ, ಲಿವರಿನ ಒಂದು ಚೂರು, ಬೋಟಿಯ ಒಂದು ಪಾಲು ಬೀಳಲೇಬೇಕು. ಒಬ್ಬನಿಗೆ ತೊಡೆ, ಇನ್ನೊಬ್ಬನಿಗೆ ಕರುಳು ಎಂಬ ಭೇದ ಇಲ್ಲ. ಐತರೇಯದಲ್ಲಿ ಪದವಿಗೆ ತಕ್ಕಂತೆ ಪಾಲು. ಗುಡ್ಡೆ ಬಾಡಿನಲ್ಲಿ ಎಲ್ಲರಿಗೂ ಎಲ್ಲದರ ಪಾಲು. ಸಮತೆಯ ಪಾಠವನ್ನು ತಕ್ಕಡಿಯಿಲ್ಲದೆ ಕಲಿಸುವ ಈ ಪದ್ಧತಿಯಲ್ಲಿ ಬೋಟಿಗೆ ಪಂಕ್ತಿಭೇದವಿಲ್ಲ.

ಪರದೇಶದವರ ಮಾತನ್ನೂ ಸ್ವಲ್ಪ ಕೇಳಿ. ಇಂಗ್ಲಿಷರಲ್ಲಿ ಜಿಂಕೆಯ ಒಳಭಾಗಗಳಿಗೆ ‘ಅಂಬಲ್ಸ್’ ಎಂಬ ಹಳೆಯ ಹೆಸರಿತ್ತು, ಅದರಿಂದ ಕಡುಬಿನಂಥದೊಂದನ್ನು ಮಾಡುತ್ತಿದ್ದರು. ಕಾಲಕ್ರಮದಲ್ಲಿ ಆ ಮಾತು ದೈನ್ಯವೆಂಬ ಅರ್ಥದ ‘ಹಂಬಲ್’ ಎಂಬ ಮಾತಿನೊಡನೆ ಬೆರೆತು, ‘ಹಂಬಲ್ ಪೈ ತಿನ್ನುವುದು’ ಎಂದರೆ ಸೊಕ್ಕಡಗಿ ತಲೆತಗ್ಗಿಸುವುದು ಎಂದಾಯಿತು. ಒಳಭಾಗ ತಿನ್ನುವವನು ತಗ್ಗಿದವನು ಎಂಬ ಭಾವನೆ ಅಲ್ಲಿಯೂ ಇತ್ತೆಂದು ಇದರಿಂದ ಕಾಣುತ್ತದೆ. ಆದರೆ ಅವರ ನೆರೆಯ ಸ್ಕಾಟರನ್ನು ನೋಡಿ. ಕುರಿಯ ಗುಂಡಿಗೆ, ಯಕೃತ್ತು, ಶ್ವಾಸಕೋಶಗಳನ್ನು ಕೊಚ್ಚಿ, ಓಟ್ಸ್ ಹಿಟ್ಟು ಬೆರೆಸಿ, ಕುರಿಯ ಜಠರದ ಚೀಲದಲ್ಲಿ ತುಂಬಿ ಬೇಯಿಸಿದ ‘ಹ್ಯಾಗಿಸ್’ ಅವರ ರಾಷ್ಟ್ರೀಯ ಭಕ್ಷ್ಯ. ಅವರ ಕವಿ ರಾಬರ್ಟ್ ಬರ್ನ್ಸ್ ೧೭೮೬ರಲ್ಲಿ ಅದನ್ನು ಸಂಬೋಧಿಸಿ ಕವಿತೆಯನ್ನೇ ಬರೆದ. ಈಗಲೂ ಜನವರಿ ೨೫ರ ಅವನ ಹುಟ್ಟುಹಬ್ಬದ ರಾತ್ರಿ ಜಗತ್ತಿನ ಯಾವ ಮೂಲೆಯಲ್ಲಿ ಸ್ಕಾಟರು ಸೇರಿದರೂ ಆ ಭಕ್ಷ್ಯವನ್ನು ವಾದ್ಯದೊಡನೆ ಮೆರವಣಿಗೆಯಲ್ಲಿ ತಂದು ಮೇಜಿನ ಮೇಲಿಟ್ಟು, ಆ ಕವಿತೆ ಓದಿ, ಆಮೇಲೆ ಉಣ್ಣುತ್ತಾರೆ. ನಾಡಿನಿಂದ ದೂರವಿರುವ ಜನ ತಮ್ಮ ಬಡತನದ ಊಟಕ್ಕೆ ನಾಚದೆ ಅದನ್ನೇ ಗುರುತಾಗಿ ಮಾಡಿಕೊಂಡರು. ಹೊರನಾಡಿನ ಸಂಘಗಳವರಾದ ನಾವು ಯೋಚಿಸತಕ್ಕ ವಿಷಯ ಇದು.

ಇನ್ನು ಕಸುಬಿನವನ ಮಾತು. ಕನ್ನಡದಲ್ಲಿ ‘ಕಟುಕ’ ಎಂಬುದು ಒಂದು ವೃತ್ತಿಯ ಹೆಸರು. ಈಗ ಪತ್ರಿಕೆ ತೆರೆದರೆ ಆ ಮಾತು ಕ್ರೂರಿ ಎಂಬ ಬೈಗುಳವಾಗಿಯೇ ಕಾಣುತ್ತದೆ. ಮನುಷ್ಯರನ್ನು ಕೊಂದವನಿಗೆ ಕಟುಕ ಎನ್ನುತ್ತೇವೆ. ಆಡಿನ ನಾಲ್ಕು ಕೋಣೆಗಳನ್ನು ಒಂದೂ ಹರಿಯದಂತೆ, ಪಿತ್ತದ ಚೀಲ ಒಡೆಯದಂತೆ ಬಿಡಿಸಿ ಕೊಡುವ ನುರಿತ ಕೆಲಸಗಾರನಿಗೂ ಅದೇ ಹೆಸರು. ಪಿತ್ತ ಒಡೆದರೆ ಮಾಂಸ ಕಹಿಯಾಗುತ್ತದೆ, ಕರುಳು ಹರಿದರೆ ಹೊಲಸಾಗುತ್ತದೆ. ಅವನ ಕೈಯ ನಯದ ಮೇಲೆ ಉಣ್ಣುವವರ ಆರೋಗ್ಯ ನಿಂತಿದೆ. ಮಹಾಭಾರತದ ವನಪರ್ವದಲ್ಲಿ ಕೌಶಿಕನೆಂಬ ತಪಸ್ವಿ ಧರ್ಮಸೂಕ್ಷ್ಮವನ್ನು ತಿಳಿಯಲು ಮಿಥಿಲೆಗೆ ಹೋಗಿ ನಿಂತದ್ದು ಮಾಂಸದ ಅಂಗಡಿಯ ಮುಂದೆ. ಅಲ್ಲಿ ಧರ್ಮವ್ಯಾಧ ಜಿಂಕೆಯ, ಎಮ್ಮೆಯ ಮಾಂಸ ಮಾರುತ್ತಿದ್ದ. ತಪಸ್ವಿಗೆ ಧರ್ಮ ಕಲಿಸಬಲ್ಲ ಅಂಗಡಿಯವನು ನಮಗೆ ನಾಲ್ಕು ಕನ್ನಡ ಮಾತು ಕಲಿಸಲಾರನೇ?

ಆದ್ದರಿಂದ ಈ ಸಭೆಯ ಮುಂದೆ ನಾವು ಇಡುವ ಸೂಚನೆ ಇದು. ವಾಚನಾಲಯದ ಮೇಜಿನ ಮೇಲೆ ಇಂದಿನಿಂದ ಒಂದು ದಪ್ಪ ನೋಟುಪುಸ್ತಕ ಇಡೋಣ.

ಅದರಲ್ಲಿ ಮೂರು ಅಂಕಣಗಳಿರಲಿ. ಮೊದಲನೆಯದರಲ್ಲಿ ಕನ್ನಡದ ಮಾತು, ಯಾವ ಜಿಲ್ಲೆಯ ಬಳಕೆ ಎಂಬುದರ ಸಮೇತ. ಏಕೆಂದರೆ ಮಂಡ್ಯದ ಮಾತು ಧಾರವಾಡದಲ್ಲಿ ನಡೆಯದಿರಬಹುದು, ಮಂಗಳೂರಿನದು ಕಲಬುರಗಿಯಲ್ಲಿ ನಡೆಯದಿರಬಹುದು. ಎರಡನೆಯದರಲ್ಲಿ ಇಲ್ಲಿಯ ಮರಾಠಿ, ಹಿಂದಿ ಮಾತು. ಮೂರನೆಯದರಲ್ಲಿ ಆ ಮಾತಿನ ವಸ್ತು ನಿಜವಾಗಿ ಯಾವುದು, ಮೈಯ ಯಾವ ಭಾಗ ಎಂಬ ವಿವರಣೆ. ಬೋಟಿಯಿಂದ ಆರಂಭವಾಗಲಿ. ತಲೆ, ಕಾಲು, ಖಂಡ, ಗುಂಡಿಗೆ, ಕೈಮ, ಎಲ್ಲವೂ ಬರಲಿ. ಅದರ ಜತೆಗೆ ನೇಕಾರರ, ಕಂಬಾರರ, ಬೆಸ್ತರ, ಗಾಣಿಗರ ಮಾತುಗಳೂ ಬರಲಿ. ಬರೆಯಲು ಬಾರದ ಅಜ್ಜಿಯಂದಿರಿದ್ದರೆ ಅವರು ಹೇಳಲಿ, ಕಾಲೇಜಿಗೆ ಹೋಗುವ ಮೊಮ್ಮಕ್ಕಳು ಬರೆದುಕೊಳ್ಳಲಿ. ಮಕ್ಕಳಿಗೆ ಕನ್ನಡ ಕಲಿಸುವುದೆಂದರೆ ಪದ್ಯ ಬಾಯಿಪಾಠ ಮಾಡಿಸುವುದು ಮಾತ್ರವೆಂದು ತಿಳಿದಿರುವ ನಮಗೆ ಇದು ಇನ್ನೊಂದು ದಾರಿ ತೋರಿಸೀತು.

ಮಾಂಸಾಹಾರಿಗಳ ಮಾತು ನಮಗೇಕೆ ಎನ್ನುವ ಬಂಧುಗಳಿಗೆ ಕೊನೆಯ ಅರಿಕೆ. ಸಂಘದ ಸದಸ್ಯತ್ವದ ಅರ್ಜಿಯಲ್ಲಿ ‘ಮಾತೃಭಾಷೆ’ ಎಂಬ ಅಂಕಣವಿದೆ; ಊಟದ ಅಂಕಣವಿಲ್ಲ. ಒಂದು ಮನೆಯ ಅಡಿಗೆಮನೆಯ ಮಾತನ್ನು ಕೇಳಿ ಮೂಗು ಮುರಿದರೆ ಆ ಮನೆಯ ಮಗು ಎರಡನೆಯ ಸಲ ಇಲ್ಲಿ ಬಾಯಿ ತೆರೆಯುವುದಿಲ್ಲ. ಕನ್ನಡ ಬಿಟ್ಟುಹೋಗುವುದು ಇಂಗ್ಲಿಷಿನ ಹೊಡೆತದಿಂದ ಮಾತ್ರವಲ್ಲ. ನಮ್ಮವರೇ ನಕ್ಕಾಗಲೂ ಅದು ಬಿಟ್ಟುಹೋಗುತ್ತದೆ. ಬೋಟಿ ಉಣ್ಣದವರೂ ಆ ಮಾತಿನ ಅರ್ಥವನ್ನು ಸರಿಯಾಗಿ ತಿಳಿದಿರಲಿ. ಉಣ್ಣುವವರು ಅದನ್ನು ತಲೆಯೆತ್ತಿ ಆಡಲಿ.

ನೋಟುಪುಸ್ತಕ ಗ್ರಂಥಪಾಲರ ಬಳಿ ಸಿದ್ಧವಾಗಿದೆ. ಸಭೆ ಮುಗಿದ ಮೇಲೆ ಮೊದಲ ಪುಟಕ್ಕೆ ಒಂದೊಂದು ಮಾತು ಬರೆದು ಮನೆಗೆ ಹೋಗಬೇಕೆಂದು ಎಲ್ಲರಲ್ಲೂ ಕೇಳಿಕೊಳ್ಳುತ್ತೇವೆ.